ರುಚಿ ನೋಡದ ಅಡುಗೆಮನೆಯಲ್ಲಿ ಬಿದ್ದ ಪೆಟ್ಟು

ನನ್ನ ಅಪ್ಪ ಅಡುಗೆ ಮಾಡುವ ಹೋಟೆಲಿನಲ್ಲಿ ಅಡುಗೆಯವರು ರುಚಿ ನೋಡುವುದಿಲ್ಲ. ಈ ತಮಿಳು ಮಹಾನಗರದ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಸಾಲಿನಲ್ಲಿ, ಪಾತ್ರೆ ಅಂಗಡಿಯೊಂದರ ಮಗ್ಗುಲಿಗೆ ಇರುವ ಆ ಸಸ್ಯಾಹಾರಿ ಹೋಟೆಲನ್ನು ನಮ್ಮ ಕರಾವಳಿಯ ಕಡೆಯ ಕುಟುಂಬವೊಂದು ಎರಡು ತಲೆಮಾರಿನಿಂದ ನಡೆಸುತ್ತಿದೆ. ಮೊದಲ ಇಡ್ಲಿ, ಮೊದಲ ಸೌಟು ಸಾಂಬಾರು ಅಡುಗೆಮನೆಯ ದೇವರ ಪಟದ ಮುಂದೆ ಇಟ್ಟಾಗುವವರೆಗೆ ಅದು ಯಾವ ನಾಲಿಗೆಗೂ ತಾಗಬಾರದು ಎಂಬುದು ಊರಿನಿಂದ ತಂದ ನಿಯಮ. ಹೋಟೆಲಿನಲ್ಲಿ ದಿನವಿಡೀ ಹೊಸ ಹಂಡೆಗಳು ಒಲೆ ಏರುತ್ತಲೇ ಇರುತ್ತವೆ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಯಾರು ನೋಡುತ್ತಾರೆ? ಹೀಗೆ ಬೆಳಗಿನ ನಿಯಮ ಇಡೀ ದಿನಕ್ಕೆ ಹಬ್ಬಿತು. ನಾಲಿಗೆಯ ಕೆಲಸವನ್ನು ಅಲ್ಲಿ ಮೂಗು ಮಾಡಬೇಕು.

ಆ ಕೆಲಸ ಅಪ್ಪನದು. ಹಂಡೆಯ ಮೇಲೆ ಬಾಗಿ, ಅಂಗೈಯಿಂದ ಹಬೆಯನ್ನು ಎರಡು ಸಲ ಮುಖದ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ತೀರ್ಪು: “ಕೊತ್ತಂಬರಿ ಇನ್ನೂ ಹಸಿ ಉಂಟು, ಒಂದು ಕುದಿ ಬರ್ಲಿ.” ಉಪ್ಪಿಗೆ ವಾಸನೆಯೇ ಇಲ್ಲವಲ್ಲ, ಅದು ಹೇಗೆ ತಿಳಿಯುತ್ತದೆ ಎಂದು ನಾನು ಕಾಲೇಜಿನ ಬುದ್ಧಿ ತೋರಿಸಿದ್ದೆ. “ಉಪ್ಪಿಗೆ ಇಲ್ಲ ಮಾರಾಯ್ತಿ, ಉಪ್ಪು ಬಿದ್ದ ಬೇಳೆಗೆ ಉಂಟು” ಎಂದಿದ್ದರು. ಮನೆಯಲ್ಲಿಯೂ ಅಷ್ಟೇ. ನಾನು ಗೆಳತಿಯರ ಜೊತೆ ಬೆಸೆಂಟ್ ನಗರದ ಕಡಲತೀರಕ್ಕೆ ಹೋಗಿ ಬಂದ ಸಂಜೆ, ಚಪ್ಪಲಿ ಕಳಚುವ ಮೊದಲೇ “ಮಾವಿನಕಾಯಿ ತಿಂದದ್ದು ಸರಿ, ಮೆಣಸಿನ ಪುಡಿ ಅಷ್ಟು ಯಾಕೆ ಹಾಕಿಸಿದ್ದು?” ಎಂದು ಒಳಗಿನಿಂದ ಕೇಳುತ್ತಿದ್ದರು. ಅಮ್ಮ ನಗುತ್ತಿದ್ದಳು: “ಪೊಲೀಸಿಗೆ ಸೇರಬೇಕಿತ್ತು ನೀವು, ನಾಯಿಯ ಖರ್ಚು ಉಳೀತಿತ್ತು.”

ಹೋಟೆಲಿನ ಅಡುಗೆಮನೆಯ ಒಲೆಗಳ ಮೇಲೆ ಹೊಗೆ ಹೀರುವ ದೊಡ್ಡ ತಗಡಿನ ಚಿಮಣಿಯೊಂದಿತ್ತು. ಕೂರಿಸಿದವರು ಅದನ್ನು ಒಂದು ಗೇಣು ಕೆಳಗೆ ಕೂರಿಸಿದ್ದರು. ಮೇಲಕ್ಕೆತ್ತಲು ಗೋಡೆಯ ಕೊಳವೆಯ ದಾರಿ ಬದಲಿಸಬೇಕಿತ್ತು, ಅದಕ್ಕಾಗಿ ಹೋಟೆಲನ್ನು ಎರಡು ದಿನ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಅಂಚಿಗೆ ಒಂದು ಗೋಣಿಪಟ್ಟಿ ಸುತ್ತಿದರು. ಅಲ್ಲಿ ತಲೆ ತಾಗಿಸಿಕೊಳ್ಳದವರೇ ಇಲ್ಲ ಎಂಬುದು ಹೋಟೆಲಿನ ತಮಾಷೆಯಾಗಿತ್ತು. ಹೊಸಬನಿಗೆ ಮೊದಲ ಪೆಟ್ಟು ಬಿದ್ದ ದಿನ ಅವನಿಗೆ ಒಂದು ಲೋಟ ಪಾಯಸ ಕೊಟ್ಟು “ಈಗ ನೀನು ನಮ್ಮವನಾದೆ” ಎನ್ನುವುದು ಪದ್ಧತಿ. ಆ ಪಾಯಸದ ಮೇಲೆ ನನಗೆ ಈಗಲೂ ಸಿಟ್ಟಿದೆ. ಸರಿಪಡಿಸಬೇಕಾದ ತಗಡೊಂದನ್ನು ಸಂಪ್ರದಾಯವನ್ನಾಗಿ ಮಾಡಿಕೊಳ್ಳುವ ಜಾಣತನಕ್ಕೆ ನಮ್ಮ ಜನ ಪ್ರೀತಿ ಎಂದು ಹೆಸರಿಟ್ಟುಬಿಡುತ್ತಾರೆ.

ಕಳೆದ ವರ್ಷದ ಆಡಿ ತಿಂಗಳು, ಅಂದರೆ ನಮ್ಮ ಆಷಾಢದ ಹೊತ್ತು. ಆಡಿಯ ರಿಯಾಯಿತಿ ಮಾರಾಟಕ್ಕೆ ಪುರಸೈವಾಕ್ಕಂನ ಬೀದಿ ಕಾಲಿಡಲಾಗದಷ್ಟು ತುಂಬುತ್ತದೆ. ಸೀರೆ ಕೊಂಡವರೆಲ್ಲ ಊಟಕ್ಕೆ ಒಳಗೆ ಬರುತ್ತಾರೆ. ಅಂಥದೊಂದು ಮಧ್ಯಾಹ್ನ ಅಪ್ಪ ಹಂಡೆಯ ಮೇಲೆ ಬಾಗಿದ್ದಾಗ ಹಿಂದೆ ತಟ್ಟೆಗಳ ರಾಶಿ ಬಿದ್ದ ಸದ್ದಾಯಿತು. ಅವರು ಗಕ್ಕನೆ ತಲೆ ಎತ್ತಿದರು. ತಗಲಿದ್ದು ಗೋಣಿ ಸುತ್ತಿದ ಅಂಚಲ್ಲ, ಮೂಲೆಯ ಬೋಲ್ಟು. ಅವರು ಬೀಳಲಿಲ್ಲ, ಎಚ್ಚರ ತಪ್ಪಲಿಲ್ಲ, ರಕ್ತವೂ ಹೆಚ್ಚು ಬರಲಿಲ್ಲ. ಕಲ್ಲಿನ ಕಟ್ಟೆ ಹಿಡಿದು ನಿಂತು “ಸಾಂಬಾರು ಇಳಿಸಿದ್ರಾ?” ಎಂದು ಕೇಳಿದರು. ಇಳಿಸಿದೆವು ಎಂದರು ಜೊತೆಯವರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮೂರನೆಯ ಸಲ ಕೇಳಿದಾಗ ಎಲ್ಲರೂ ನಕ್ಕರಂತೆ.

ಧಣಿಗಳು, ಅಂದರೆ ಹೋಟೆಲಿನ ಯಜಮಾನರು, ತಾವೇ ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ಆಯಿತು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮಕ್ಕಳು ಪರೀಕ್ಷೆ ಪಾಸಾದ ಸುದ್ದಿಯಂತೆ ಅದನ್ನು ಎಲ್ಲರೂ ಎಲ್ಲರಿಗೂ ಹೇಳಿದರು. ಸಂಜೆ ಧಣಿಗಳ ಮನೆಯಿಂದ ಡಬ್ಬಿಯ ತುಂಬ ಕೇಸರಿಬಾತ್ ಬಂತು. ನಾಲ್ಕನೆಯ ದಿನ ಅಪ್ಪ ಕೆಲಸಕ್ಕೆ ಹೋದರು.

ಮನೆಗೆ ಮರಳುತ್ತಿದ್ದವರು ಮಾತ್ರ ಬೇರೆ ಯಾರೋ. ಟ್ಯೂಬ್‌ಲೈಟ್ ಹಾಕಿದರೆ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಮಿಕ್ಸಿ ಓಡಿದರೆ ತಲೆ ಒಡೆಯುತ್ತದೆ ಎನ್ನುತ್ತಿದ್ದರು. ಎಂದೂ ದನಿ ಎತ್ತದವರು, ಅಮ್ಮನ ಕೈಯಿಂದ ಸೌಟು ಜಾರಿತೆಂದು ಕೂಗಾಡಿ, ಆಮೇಲೆ ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ನಿಂತು ಅತ್ತರು. ನಾನು ಓದಿದವಳು, ಓದಿದವರು ಮಾಡುವ ತಪ್ಪನ್ನೇ ಮಾಡಿದೆ. ಅಂತರ್ಜಾಲದಲ್ಲಿ ಹುಡುಕಿ, ವಿಶ್ರಾಂತಿ ಎಂಬ ಒಂದೇ ಪದವನ್ನು ಹಿಡಿದುಕೊಂಡು, ವಾರದ ರಜೆಯ ದಿನ ಅವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ ಫೋನನ್ನೂ ಕಿತ್ತುಕೊಂಡೆ. ಒಂದು ದಿನ ಪೂರ್ತಿ ಕತ್ತಲೆ, ಉಳಿದ ಆರು ದಿನ ಒಂಬತ್ತು ಒಂಬತ್ತು ಗಂಟೆ ಬೆಂಕಿಯ ಮುಂದೆ. ಹೀಗೆ ಎರಡು ತಿಂಗಳು ಕಳೆದರೂ ಅವರು ಸುಧಾರಿಸಲಿಲ್ಲ ಎಂದು ನಾವು ಆಶ್ಚರ್ಯಪಡುತ್ತಿದ್ದೆವು!

ಒಂದು ಬೆಳಗ್ಗೆ ಅಪ್ಪ ನಮ್ಮ ಮನೆಯ ಒಲೆಯ ಬಳಿ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿಯುವುದನ್ನು ಕಂಡೆ. ಮುಚ್ಚಿದರು. ಮತ್ತೆ ತೆರೆದರು, ಮತ್ತೆ ಹಿಡಿದರು.

“ಎಂತ ಮಾಡ್ತಾ ಇದ್ದೀರಿ ಅಪ್ಪಾ?”

“ಏನಿಲ್ಲ. ಮುಚ್ಚಳ ಬಿಗಿ ಉಂಟಾ ಅಂತ ನೋಡಿದ್ದು.”

“ವಾಸನೆ ಬರ್ತಾ ಇಲ್ವಾ?”

“ಶೀತ ಆಗಿದೆ.”

“ಎರಡು ತಿಂಗಳಿಂದಲಾ?”

ಅವರು ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು, ದನಿ ಇಳಿಸಿ, “ಅಮ್ಮನಿಗೆ ಹೇಳ್ಬೇಡ” ಎಂದರು.

“ಅಮ್ಮನಿಗೆ ಗೊತ್ತಿಲ್ಲದ್ದು ಈ ಮನೆಯಲ್ಲಿ ಯಾವುದುಂಟು?” ಅಮ್ಮ ಹಿಂದೆಯೇ ನಿಂತಿದ್ದಳು. “ಒಂದು ವಾರದಿಂದ ನಿಮ್ಮ ಕಾಫಿಗೆ ಬರೇ ಚಿಕೋರಿ ಹಾಕ್ತಾ ಇದ್ದೇನೆ. ‘ಇವತ್ತು ಡಿಕಾಕ್ಷನ್ ಲಾಯ್ಕಾಗಿದೆ’ ಅಂತ ನಿನ್ನೆಯೂ ಹೇಳಿದ್ದೀರಿ.”

ಮೂವರೂ ನಕ್ಕೆವು. ಆಮೇಲೆ ಅಪ್ಪ ನಗು ನಿಲ್ಲಿಸಿ ಹೇಳಿದರು: “ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ತಾರೆ? ಹೊರಗೆ ಗೊತ್ತಾದ್ರೆ ಆ ಅಡುಗೆಮನೆಯಲ್ಲಿ ನಂಗೆ ಜಾಗ ಇಲ್ಲ.” ಅವರ ಭಯ ಅದೊಂದೇ ಆಗಿತ್ತು. ಮೂವತ್ತೊಂದು ವರ್ಷ ನಿಂತ ಜಾಗ ಅದು. ತಲೆನೋವಿನ ಬಗ್ಗೆ, ಮರೆವಿನ ಬಗ್ಗೆ ಅವರು ಬಾಯಿ ಬಿಡದೇ ಇದ್ದುದಕ್ಕೂ ಇದೇ ಕಾರಣ.

ಹಾಗಾದರೆ ಇಷ್ಟು ದಿನ ಅಡುಗೆ ಕೆಡದೆ ನಡೆದದ್ದು ಹೇಗೆ? ನೋಡಲೆಂದೇ ಮರುದಿನ ಮಧ್ಯಾಹ್ನ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದೆ. ಅಪ್ಪ ಎಂದಿನಂತೆ ಹಂಡೆಯ ಮೇಲೆ ಬಾಗಿದರು, ಹಬೆ ಎಳೆದುಕೊಂಡರು, ಕಣ್ಣು ಮುಚ್ಚಿದರು. ಪಕ್ಕದ ಕಾವಲಿಯ ಮುಂದೆ ನಿಂತಿದ್ದ ದೋಸೆ ಮಾಸ್ತರು ಕತ್ತು ಸ್ವಲ್ಪ ಚಾಚಿ ಮೂಸಿ, ಸಟ್ಟುಗದಿಂದ ಕಾವಲಿಯ ಅಂಚನ್ನು ಎರಡು ಸಲ ಟಕ್ ಟಕ್ ಎಂದು ತಟ್ಟಿದರು. ಅಪ್ಪ ಕಣ್ಣು ತೆರೆದು, “ಇನ್ನೊಂದು ಕುದಿ ಬರ್ಲಿ” ಎಂದರು. ಎರಡು ತಟ್ಟಿದರೆ ಇನ್ನೂ ಆಗಿಲ್ಲ, ಒಂದು ತಟ್ಟಿದರೆ ಆಯಿತು. ಪಾತ್ರೆ ತೊಳೆಯುವ ಹೆಂಗಸಿನಿಂದ ಹಿಡಿದು ಬಡಿಸುವವರ ತನಕ ಅಲ್ಲಿದ್ದ ಎಲ್ಲರಿಗೂ ಆ ಸದ್ದಿನ ಅರ್ಥ ಗೊತ್ತಿತ್ತು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ದೋಸೆ ಮಾಸ್ತರು ತಮಿಳರು. ಅಪ್ಪನ ಪಕ್ಕದಲ್ಲಿ ನಿಂತು ನಿಂತು ಕನ್ನಡ ಕಲಿತವರು. ಅವರನ್ನು ಹಿಂಬಾಗಿಲಿಗೆ ಎಳೆದುಕೊಂಡು ಹೋದೆ.

“ಎಷ್ಟು ದಿನದಿಂದ ಈ ನಾಟಕ?”

“ನಾಟಕ ಅನ್ನಬೇಡ ಪಾಪ್ಪಾ. ಅಣ್ಣನ್ಗೆ ಮೂಗು ಪೋಯಿಡ್ಚು, ಹೋಯ್ತು ಅಂದ್ರೆ ಅಣ್ಣನ್ಗೆ ಎಲ್ಲಾ ಪೋಯಿಡ್ಚು. ನನ್ನ ಮೂಗು ಚುಮ್ಮಾ, ಸುಮ್ನೆ ತಾನೆ ಇದೆ, ಅವರು ಇಟ್ಕೊಳ್ಳಲಿ.”

“ಧಣಿಗಳಿಗೆ ಗೊತ್ತಾ?”

“ತೆರಿಯಾದ ಮಾದಿರಿ, ಗೊತ್ತಿಲ್ಲದ ಹಾಗೆ ಇರ್ತಾರೆ. ಅವರಿಗೆ ಗೊತ್ತು ಅಂತ ನಮಗೆ ತೆರಿಯಾದ ಮಾದಿರಿ ನಾವೂ ಇರ್ತೇವೆ.”

ಆ ಮನುಷ್ಯನನ್ನು ಬೈಯಲು ಹೋದವಳು ಅವರ ಎಣ್ಣೆ ಮೆತ್ತಿದ ಕೈ ಹಿಡಿದುಕೊಂಡು ನಿಂತುಬಿಟ್ಟೆ. ಇಷ್ಟು ಒಳ್ಳೆಯ ಜನ ಇಷ್ಟು ದೊಡ್ಡ ತಪ್ಪನ್ನು ಹೇಗೆ ಮಾಡುತ್ತಾರೆ? ಅಪ್ಪನಿಗೆ ಅವರ ಜಾಗವನ್ನು ಉಳಿಸಿಕೊಡುತ್ತಿದ್ದೇವೆ ಎಂದುಕೊಂಡಿದ್ದರು ಅವರು. ಉಳಿಸಿಕೊಟ್ಟದ್ದು ಬೆಂಕಿ, ಗದ್ದಲ, ಬೆಳಕುಗಳ ನಡುವಿನ ಒಂಬತ್ತು ಗಂಟೆಗಳನ್ನು. ಅದೂ ತಲೆಗೆ ಪೆಟ್ಟುಕೊಟ್ಟ ಅದೇ ತಗಡಿನ ಕೆಳಗೆ. ಗಾಯ ಆಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳದ ಕಡೆ ಅದು ಮಾಯುವುದಕ್ಕೆ ಯಾರೂ ಸಮಯ ಕೊಡುವುದಿಲ್ಲ.

ಪೋರೂರಿನ ಆಸ್ಪತ್ರೆಯೊಂದರಲ್ಲಿ ನರರೋಗದ ವೈದ್ಯೆಯೊಬ್ಬರನ್ನು ನೋಡಲು ಅಪ್ಪನನ್ನು ಒಪ್ಪಿಸುವ ಹೊತ್ತಿಗೆ ಇನ್ನೂ ಎರಡು ತಿಂಗಳು ಹೋಗಿತ್ತು. ಬೆಳಕು ತಡೆಯಲೆಂದು ಬೀದಿಯಲ್ಲಿ ಕೊಂಡ ಕಪ್ಪು ಕನ್ನಡಕವನ್ನೂ ಅಂಚಿನ ಟೋಪಿಯನ್ನೂ ಹಾಕಿಕೊಂಡು ಬಸ್ಸಿನಲ್ಲಿ ಕುಳಿತ ಅವರನ್ನು ನೋಡಿ ಅಮ್ಮ, “ನಿಮ್ಮ ಪಕ್ಕ ಕೂತ್ಕೊಳ್ಳಲಿಕ್ಕೆ ನಂಗೆ ಹೆದರಿಕೆ ಆಗ್ತದೆ, ಸ್ಮಗ್ಲರ್ ಹಾಗೆ ಕಾಣ್ತೀರಿ” ಎಂದಳು.

ವೈದ್ಯೆ ತಮಿಳಿನಲ್ಲಿ ನಿಧಾನವಾಗಿ, ಅಪ್ಪನ ಮುಖವನ್ನೇ ನೋಡುತ್ತ ವಿವರಿಸಿದರು. ಮಿದುಳು ಅಲುಗಿದ ಪೆಟ್ಟು ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಕಾಣಲಿಲ್ಲ ಎಂದರೆ ಆಗಿಲ್ಲ ಎಂದಲ್ಲ. ಹೆಚ್ಚಿನವರು ಬೇಗ ಗುಣವಾಗುತ್ತಾರೆ, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಬಿದ್ದುಕೊಳ್ಳುವುದೂ ತಪ್ಪು, ಪೂರ್ತಿ ಕೆಲಸಕ್ಕೆ ಹಾರುವುದೂ ತಪ್ಪು. ಮೊದಲು ಎರಡು ಗಂಟೆ ಕೆಲಸ, ನಡುವೆ ತಂಪಿನಲ್ಲಿ ಕೂರುವುದು. ತಲೆನೋವು ಏರಿದರೆ ಅಲ್ಲಿಗೇ ನಿಲ್ಲಿಸುವುದು. ವಾರ ಸಲೀಸಾಗಿ ಕಳೆದರೆ ಮಾತ್ರ ಒಂದಿಷ್ಟು ಹೆಚ್ಚಿಸುವುದು. ಬೆಳಗ್ಗೆ ತೀರ ಬಿಸಿಲೇರುವ ಮೊದಲು ನಡಿಗೆ. ಮೂಗಿಗೂ ಅಭ್ಯಾಸ: ನಾಲ್ಕು ಬೇರೆ ಬೇರೆ ವಾಸನೆಯ ಡಬ್ಬಿಗಳನ್ನು ದಿನಕ್ಕೆರಡು ಸಲ, ಅದೇನೆಂದು ನೆನಪಿಸಿಕೊಳ್ಳುತ್ತ ಮೂಸಬೇಕು. ವಾಸನೆ ಮರಳಬಹುದು, ಅರ್ಧ ಮರಳಬಹುದು, ಮರಳದೆಯೂ ಇರಬಹುದು.

ಆಮೇಲೆ ಹಳೆಯ ಆಸ್ಪತ್ರೆಯ ಚೀಟಿ ತಿರುವಿ ನೋಡಿ ಅವರು ಹುಬ್ಬೇರಿಸಿದರು. “ಮನೆಯಲ್ಲಿ ಜಾರಿ ಬಿದ್ದದ್ದು ಅಂತ ಬರೆದಿದೆ?”

ಅಪ್ಪ ನೆಲ ನೋಡಿದರು. ನಾನು ಅಲ್ಲ ಎಂದು ನಡೆದದ್ದನ್ನು ಹೇಳಿದೆ.

“ಹಾಗಾದರೆ ಇದನ್ನು ಸರಿ ಮಾಡಿಸಿಕೊಳ್ಳಿ. ಪೆಟ್ಟು ಬಿದ್ದ ಜಾಗಕ್ಕೇ ನಾನು ಇವರನ್ನು ಮೆಲ್ಲಮೆಲ್ಲನೆ ವಾಪಸ್ಸು ಕಳಿಸಬೇಕು. ಮನೆಯಲ್ಲಿ ಬಿದ್ದರು ಅಂದರೆ ಏನು ಬರೆದುಕೊಡಲಿ, ಬಾತ್‌ರೂಮಿಗೆ ದಿನಕ್ಕೆ ಎರಡೇ ಗಂಟೆ ಹೋಗಿ ಅಂತಲಾ?”

ಆ ಚೀಟಿಯ ಸುಳ್ಳು ನನ್ನನ್ನು ಸುಟ್ಟಿತು. ಅಪ್ಪನನ್ನು ಆಟೋದಲ್ಲಿ ಕರೆದೊಯ್ದವರು ಧಣಿಗಳು. ಬರೆಸಿದವರೂ ಅವರೇ ಎಂದು ತೀರ್ಮಾನಿಸಿದೆ. ಆ ವಾರವೇ ಒಂದು ಪತ್ರ ಬರೆದೆ. ನನ್ನ ಶಾಲೆ ತಮಿಳಿನದು, ವಿಶ್ವವಿದ್ಯಾಲಯ ಇಂಗ್ಲಿಷಿನದು. ಕನ್ನಡ ಮನೆಯಲ್ಲಿ ಅಪ್ಪನಿಂದ ಕಲಿತದ್ದು. ಸಿಟ್ಟು ಬಂದಾಗ ಕೈಗೆ ಬಂದದ್ದು ಇಂಗ್ಲಿಷು. ಆ ಪತ್ರ ಹಿಡಿದು, ಚಿಕ್ಕಂದಿನಿಂದ ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಧಣಿಗಳ ಪುಟ್ಟ ಕೋಣೆಗೆ ಹೋದೆ.

“ಓ, ಬಂದ್ಯಾ ಮಗಾ. ಕೂತ್ಕೋ. ಕಾಫಿ?”

“ಬೇಡ.”

“ಕಾಫಿ ಬೇಡ ಅಂದ್ರೆ ದೊಡ್ಡ ಜಗಳವೇ.” ಅವರು ಕನ್ನಡಕ ಹುಡುಕಿ ಹಾಕಿಕೊಂಡು ಪತ್ರವನ್ನು ಮೇಲಿನಿಂದ ಕೆಳಗೆ ನೋಡಿದರು. “ಇಂಗ್ಲಿಷಿನಲ್ಲಿ ಯಾಕೆ? ನಂಗೆ ಬೈಯುದಾದ್ರೆ ಕನ್ನಡದಲ್ಲಿ ಬೈ. ಅರ್ಥ ಆಗ್ಬೇಕಲ್ಲ.”

ನಾಚಿಕೆಯಾಯಿತು. ಬಾಯಿಮಾತಿನಲ್ಲಿ ಹೇಳಿದೆ. ಪೆಟ್ಟು ಇದೇ ಅಡುಗೆಮನೆಯಲ್ಲಿ, ಕೆಲಸದ ಹೊತ್ತಿನಲ್ಲಿ ಆಯಿತೆಂದು ಬರೆದು ಸಹಿ ಹಾಕಬೇಕು. ಚಿಮಣಿ ಮೇಲೇರಬೇಕು. ವೈದ್ಯೆ ಹೇಳಿದ ಹಾಗೆ ಅಪ್ಪನ ಕೆಲಸದ ಹೊತ್ತು ಇಳಿಯಬೇಕು, ಸಂಬಳ ಇಳಿಯಬಾರದು. ಮತ್ತೆ, ಮನೆಯಲ್ಲಿ ಬಿದ್ದದ್ದು ಎಂದು ಆಸ್ಪತ್ರೆಯಲ್ಲಿ ಸುಳ್ಳು ಬರೆಸಿದ್ದು ಯಾಕೆ ಎಂದು ಹೇಳಬೇಕು.

ಕೊನೆಯ ಪ್ರಶ್ನೆಗೆ ಅವರು ಕನ್ನಡಕ ತೆಗೆದು ಒರೆಸಿದರು. “ಅದು ಇರ್ಲಿ ಬಿಡು.”

“ಇರಲಿಕ್ಕೆ ಬಿಡುವುದಿಲ್ಲ.”

“ನಮ್ಮೊಳಗೆ ಕಾಗದ ಯಾಕೆ ಮಗಾ? ನಿನ್ನ ಅನ್ನಪ್ರಾಶನಕ್ಕೆ ಪಾಯಸ ಇಲ್ಲಿಂದಲೇ ಹೋದದ್ದು. ನಿನ್ನ ಅಪ್ಪನಿಗೆ ನಾನು ಏನು ಕಡಿಮೆ ಮಾಡಿದ್ದೇನೆ?”

“ಏನೂ ಕಡಿಮೆ ಮಾಡಿಲ್ಲ ದೊಡ್ಡಪ್ಪ. ಬರೆದಿಲ್ಲ, ಅಷ್ಟೆ. ನಾಳೆ ಈ ಕುರ್ಚಿಯಲ್ಲಿ ಬೇರೆ ಯಾರೋ ಕೂತರೆ ಅವರಿಗೆ ನಿಮ್ಮ ಪ್ರೀತಿ ಎಲ್ಲಿ ಓದಲಿಕ್ಕೆ ಸಿಗ್ತದೆ?”

ಅವರು ಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಆ ದಿನ ಅಪ್ಪ ನನ್ನೊಂದಿಗೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ.

ವಾರದ ರಜೆಯ ಬೆಳಗ್ಗೆ ನಡಿಗೆಗೆಂದು ಬೆಸೆಂಟ್ ನಗರಕ್ಕೆ ಹೋಗಿದ್ದೆವು. ಸೂರ್ಯ ಇನ್ನೂ ನೀರಿನ ಅಂಚಿನಲ್ಲಿದ್ದ. ಅಪ್ಪ ಟೋಪಿ ಎಳೆದುಕೊಂಡು, ಬೆಳಕಿಗೆ ಬೆನ್ನು ಮಾಡಿ ಮರಳಿನ ಮೇಲೆ ಕುಳಿತರು.

“ನಾನೇ ಹೇಳಿದ್ದು” ಎಂದರು.

“ಏನನ್ನು?”

“ಮನೆಯಲ್ಲಿ ಬಿದ್ದದ್ದು ಅಂತ. ಅಲ್ಲಿ ಬರೆದುಕೊಳ್ಳುವವ, ಕೆಲಸದ ಜಾಗದಲ್ಲಾದ್ರೆ ಪೊಲೀಸಿಗೆ ತಿಳಿಸ್ಬೇಕಾಗ್ತದೆ ಅಂದ. ಧಣಿಗಳು ಮಾತ್ರೆ ತರ್ಲಿಕ್ಕೆ ಹೋಗಿದ್ರು. ಹೋಟೆಲಿಗೆ ಪೊಲೀಸು ಬರುದು ಬೇಡ ಅಂತ ನಾನೇ ಬರೆಸಿದೆ. ಅವರಿಗೆ ಆಮೇಲೆ ಗೊತ್ತಾದದ್ದು. ನಂಗೆ ಬೈದ್ರು.”

ನನಗೆ ಮರಳಿನೊಳಗೆ ಇಳಿದುಹೋಗುವ ಹಾಗಾಯಿತು. ಮಾಡದ ತಪ್ಪನ್ನು ನಾನು ಮುಖಕ್ಕೆ ಎಸೆದಾಗ ಆ ಮುದುಕರು ಅಪ್ಪನ ಹೆಸರೆತ್ತದೆ ಕನ್ನಡಕ ಒರೆಸುತ್ತ ಕೂತಿದ್ದರು. ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ.

“ಬೈದವರು ಸರಿ ಮಾಡಿಸಬಹುದಿತ್ತಲ್ಲ?”

“ಮಾಡಿಸ್ಬಹುದಿತ್ತು” ಎಂದರು ಅಪ್ಪ. “ನಾನೂ ಕೇಳ್ಬಹುದಿತ್ತು.”

ಸ್ವಲ್ಪ ಹೊತ್ತು ಮರಳನ್ನು ಕೈಯಲ್ಲಿ ಎತ್ತಿ ಬಿಡುತ್ತಿದ್ದರು. ಆಮೇಲೆ ಹೇಳಿದ್ದು ನನಗೆ ಗೊತ್ತಿರದ ವಿಷಯ. ಹಿಂದಿನ ಮಂಗಳವಾರ ದೋಸೆ ಮಾಸ್ತರರಿಗೆ ರಜೆ ಇತ್ತು. ಆ ದಿನದ ಪಾಯಸ ತಳ ಹಿಡಿದಿತ್ತು. ಅಪ್ಪನಿಗೆ ತಿಳಿಯಲಿಲ್ಲ. ಪಾಯಸ ಪೂರ್ತಿ ಖರ್ಚಾಯಿತು, ಜನ ಮತ್ತೆ ಮತ್ತೆ ಕೇಳಿದರು ಎಂದು ಧಣಿಗಳು ಬೆನ್ನು ತಟ್ಟಿದ್ದರು. ಸಂಜೆ ಕೈ ತೊಳೆಯಲು ಹೋದ ಅಪ್ಪ ಹಿಂದಿನ ಮೋರಿಯಲ್ಲಿ ಆ ಪಾಯಸವನ್ನೆಲ್ಲ ಚೆಲ್ಲಿದ್ದನ್ನು ಕಂಡರು.

“ಚೆಲ್ಲಿದ್ದಕ್ಕೆ ಬೇಜಾರಿಲ್ಲ. ಕೆಟ್ಟದ್ದನ್ನು ಚೆಲ್ಲಲೇಬೇಕು. ನಂಗೆ ಹೇಳ್ಲಿಲ್ಲ ನೋಡು. ಮೂವತ್ತೊಂದು ವರ್ಷದಲ್ಲಿ ಅವರು ನಂಗೆ ಎಷ್ಟು ಸಲ ಬೈದಿದ್ದಾರೆ! ಮೊನ್ನೆ ಬೈಲಿಲ್ಲ. ಅಂದ್ರೆ ನಾನು ಅಲ್ಲಿ ಅಡುಗೆಯವ ಅಲ್ಲ ಈಗ.”

ಅವರು ಎದ್ದು ಪಂಚೆ ಕೊಡವಿದರು. “ಜಾಗ ಹೋದ್ರೆ ಹೋಗ್ಲಿ. ನಾನೇ ಹೇಳ್ತೇನೆ. ನೀನು ಬಾ. ಬಾಯಿ ಮಾತ್ರ ಮುಚ್ಚಿಕೊಂಡಿರು.”

ಎರಡು ದಿನಗಳ ನಂತರ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಬಿಡುವಿನಲ್ಲಿ, ಎಲ್ಲರೂ ಅಡುಗೆಮನೆಯಲ್ಲಿದ್ದರು. ಮೊದಲು ನಾನು ಧಣಿಗಳ ಬಳಿ ಕ್ಷಮೆ ಕೇಳಿದೆ, ಆ ಒಂದು ಆರೋಪಕ್ಕೆ ಮಾತ್ರ. “ಉಳಿದದ್ದಕ್ಕೆ ಇಲ್ವಾ?” ಎಂದರು. ಇಲ್ಲ ಎಂದೆ. “ಅಪ್ಪನ ಹಾಗೇ ಹಟ” ಎಂದು ಗೊಣಗಿದರು.

ಅಪ್ಪ ಹಂಡೆಗಳ ಕಡೆಗೆ ಬೆನ್ನು ಮಾಡಿ ನಿಂತರು. “ನಂಗೆ ವಾಸನೆ ಬರುದಿಲ್ಲ” ಎಂದರು. “ಐದು ತಿಂಗಳಾಯ್ತು. ಬೆಳಕು ಆಗುದಿಲ್ಲ, ಗಲಾಟೆ ಆಗುದಿಲ್ಲ, ಮಧ್ಯಾಹ್ನ ಆಗುವಾಗ ಬೆಳಗ್ಗೆ ಏನು ಹೇಳಿದ್ದು ಅಂತ ನೆನಪಿರುದಿಲ್ಲ. ನಿಮಗೆಲ್ಲ ಗೊತ್ತುಂಟು. ನಿಮಗೆ ಗೊತ್ತುಂಟು ಅಂತ ನಂಗೂ ಗೊತ್ತುಂಟು.” ದೋಸೆ ಮಾಸ್ತರರ ಕಡೆಗೆ ತಿರುಗಿ, “ನಾಳೆಯಿಂದ ತಟ್ಟುದು ಬೇಡ ಮಾರಾಯ. ಬಾಯಲ್ಲಿ ಹೇಳು” ಎಂದರು. ಆ ಮನುಷ್ಯ ಸಟ್ಟುಗ ಹಿಡಿದುಕೊಂಡೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಧಣಿಗಳು ಒಳಗಿನಿಂದ ಉದ್ದನೆಯ ಹೊಸ ನೋಟುಪುಸ್ತಕವೊಂದನ್ನು ತಂದರು. ತಾವೇ ಬರೆಯುವುದಾಗಿ ಹೇಳಿದರು. ಬರೆಯುತ್ತಾ ಗಟ್ಟಿಯಾಗಿ ಓದಿದರು: “ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗ ಚಿಮಣಿಯ ಮೂಲೆ ತಗಲಿ ತಲೆಗೆ ಸ್ವಲ್ಪ ಪೆಟ್ಟಾದ್ದು.”

“‘ಸ್ವಲ್ಪ’ ಅನ್ನುದನ್ನು ತೆಗೀರಿ ಧಣಿ” ಎಂದರು ಅಪ್ಪ.

“ಸ್ವಲ್ಪ ಅಂತ ಇದ್ರೆ ಎಂತ ತೊಂದರೆ?”

“ಸ್ವಲ್ಪ ಆಗಿದ್ರೆ ನಾನು ಹೀಗೆ ಇರ್ತಿರ್ಲಿಲ್ಲ.”

ಅವರು ಅದನ್ನು ಹೊಡೆದುಹಾಕಿದರು. ಗೋಡೆಯ ಕಡೆಯಿಂದ ದೋಸೆ ಮಾಸ್ತರರ ದನಿ ಬಂತು: “ಎನ್ನೋಡದೂ ಎಳುದುಂಗೊ ಮೊದಲಾಳಿ. ನಂದೂ ಬರೀರಿ. ಎರಡು ಸಲ.” ಪಾತ್ರೆ ತೊಳೆಯುವ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಳೆದ ಪೊಂಗಲ್ ಹಬ್ಬಕ್ಕೆ ಮುಂಚೆ ತನಗೆ ತಗಲಿ ವಾರವಿಡೀ ತಲೆ ತಿರುಗಿದ್ದನ್ನು ಹೇಳಿದಳು. ಬಡಿಸುವವರಿಬ್ಬರು ತಮ್ಮದನ್ನು ಹೇಳಿದರು. ಅವರಲ್ಲೊಬ್ಬ, “ನನಗೆ ಬಿದ್ದಾಗ ಪಾಯಸ ಖಾಲಿಯಾಗಿತ್ತು, ಅದನ್ನೂ ಬರೀರಿ” ಎಂದ. ನಗು ಎದ್ದಿತು. ಪುಟ ಕೆಳಗಿನವರೆಗೆ ತುಂಬುತ್ತ ಹೋದ ಹಾಗೆ ನಗು ಕಡಿಮೆಯಾಯಿತು. ಧಣಿಗಳು ಬರೆದದ್ದನ್ನೆಲ್ಲ ಬೆರಳಿಟ್ಟು ಒಮ್ಮೆ ಓದಿಕೊಂಡರು. ಪೆನ್ನು ಮುಚ್ಚಲಿಲ್ಲ.

“ನಂದೂ ಒಂದುಂಟು” ಎಂದರು ಮೆಲ್ಲಗೆ. “ಅದನ್ನು ಕೂರಿಸಿದ ದಿನವೇ. ಕೆಲಸದವರು ಹೋದ ಮೇಲೆ ನೋಡ್ಲಿಕ್ಕೆ ಬಂದೆ, ತಾಗಿತು. ಯಾರ ಹತ್ರವೂ ಹೇಳ್ಲಿಲ್ಲ.”

ಅವರಿಗೆ ಮೊದಲ ದಿನವೇ ಗೊತ್ತಿತ್ತು. ಉಳಿದ ಎಲ್ಲ ತಲೆಗಳೂ ಆಮೇಲೆ ತಗಲಿದವು. ಅವರು ಅದನ್ನು ಪುಟದ ಮೇಲ್ಭಾಗದಲ್ಲಿ, ಎಲ್ಲರದಕ್ಕಿಂತ ಮೊದಲು, ಕಿರಿದಾದ ಜಾಗದಲ್ಲಿ ಒತ್ತಿ ಬರೆದರು. ನನಗೆ ಅವರ ಮೇಲಿದ್ದ ಸಿಟ್ಟಿಗೆ ಅದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ. ಆದರೆ ಅದನ್ನು ಯಾರೂ ಕೇಳದೆಯೇ ಒಪ್ಪಿಸಿದವರು ಅವರೇ. ಸಹಿ ಹಾಕಿ, ಪುಸ್ತಕವನ್ನು ಅಪ್ಪನ ಕಡೆಗೆ ತಳ್ಳಿ, “ಎರಡು ಗಂಟೆ ಸಾಕು ಅಂದ್ರಾ ಡಾಕ್ಟ್ರು? ಹಾಗಾದ್ರೆ ಎರಡೇ. ಮತ್ತೆ ನಾಲಿಗೆ ಉಂಟಲ್ಲ ನಿಮಗೆ? ದೇವರಿಗೆ ಇಟ್ಟಾದ ಮೇಲೆ ಚಮಚೆಯಲ್ಲಿ ನೋಡಿ. ದೇವರು ಏನೂ ಹೇಳುದಿಲ್ಲ. ಹೇಳಿದ್ರೆ ನನ್ನ ಹತ್ರ ಹೇಳ್ಲಿ” ಎಂದರು. ಆ ವಾರಾಂತ್ಯ ಹೋಟೆಲು ಎರಡು ದಿನ ಮುಚ್ಚಿತು, ಚಿಮಣಿ ಮೇಲೇರಿತು. ಹಳೆಯ ಆಸ್ಪತ್ರೆಯ ಚೀಟಿಯಲ್ಲಿ ಒಂದು ಸಾಲು ಸರಿಪಡಿಸಲು ನಾನು ಮೂರು ಸಲ ಅಲೆದೆ.

ಎರಡು ಗಂಟೆ ಸುಲಭವಾಗಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಮನೆಗೆ ಮರಳಿದ ಅಪ್ಪ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಈ ಹೊತ್ತಿಗೆ ನೀವು ಮನೆಯಲ್ಲಿದ್ರೆ ನಂಗೆ ಕೈಕಾಲೇ ಆಡುದಿಲ್ಲ” ಎನ್ನುತ್ತ ಅಮ್ಮ ಅವರಿಗಾಗಿ ಚಾಪೆ ಹಾಸುತ್ತಿದ್ದಳು. ಎರಡು ಮೂರಾಗಲು ಒಂದು ತಿಂಗಳು ಹಿಡಿಯಿತು. ನಾಲ್ಕಕ್ಕೆ ಏರಿ ಮತ್ತೆ ಮೂರಕ್ಕೆ ಇಳಿದದ್ದೂ ಉಂಟು. ಈಗ ಆರು. ಕಾಫಿಯ ವಾಸನೆ ದೂರದಿಂದ ಬಂದಂತೆ ಬರುತ್ತದೆಯಂತೆ, ಸುಟ್ಟ ವಾಸನೆ ಕೆಲವು ದಿನ ಸಿಗುತ್ತದೆ, ಉಳಿದದ್ದು ಇನ್ನೂ ಇಲ್ಲ. ಒಗ್ಗರಣೆಯ ವಿಷಯದಲ್ಲಿ ದೋಸೆ ಮಾಸ್ತರರು ಈಗ ಅಪ್ಪನನ್ನು ಎಲ್ಲರೆದುರೇ ಜೋರಾಗಿ ಗದರುತ್ತಾರೆ.

ಕಳೆದ ವಾರ ಅಪ್ಪ ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಅಮ್ಮ ಗಾಬರಿಯಿಂದ ಎದ್ದಳು.

“ಎಂತ ಆಯ್ತು?”

“ತಲೆ ನೋಯ್ತಾ ಉಂಟು. ಇವತ್ತು ಆಗುದಿಲ್ಲ ಅಂತ ಹೇಳಿ ಬಂದೆ” ಎಂದು ಹೇಳಿ, ಪಂಚೆ ಸರಿಮಾಡಿಕೊಂಡು ಮಲಗಿ, ಮಧ್ಯಾಹ್ನದವರೆಗೆ ನಿದ್ದೆ ಮಾಡಿದರು.